ಮೈಲೇಜ್ ಭಕ್ತರ ಕಾರಿನಲ್ಲಿ

ಸ್ನೇಹಿತರೇ, ಇವತ್ತು ಬೆಳಿಗ್ಗೆ ಸಿಕಂದರಾಬಾದಿನ ಫ್ಲೈಓವರ್ ಏರಿನಲ್ಲಿ ಒಂದು ಆಟೋ ನಮ್ಮ ಕಾರನ್ನು ಹಿಂದೆ ಹಾಕಿತು. ಆ ಆಟೋದೊಳಗೆ ಒಂದು ಕಬ್ಬಿಣದ ಬೀರು ಬೇರೆ ಇತ್ತು.

ಕಾರು ನನ್ನ ಸಹೋದ್ಯೋಗಿ, ಬಾಗಲಕೋಟೆಯ ಮಲ್ಲಿಕಾರ್ಜುನ ಅವರದು. ದಿನಾ ನನ್ನನ್ನು ಮನೆಯಿಂದ ಪಿಕಪ್ ಮಾಡುವ ಪುಣ್ಯಾತ್ಮರು. ಸಣ್ಣ ಕಾರು, ದೊಡ್ಡ ಮೈಲೇಜ್ ಭಕ್ತಿ. ಗಾಡಿ ಉರುಳತೊಡಗಿದರೆ ಸಾಕು, ಮೂರನೇ ಗೇರು. ಇನ್ನೊಂದಿಷ್ಟು ಓಡಿದರೆ ಐದನೆಯದು. ಏರು ಬಂದರೂ ಅದೇ ಐದು. ಇಂಜಿನ್ ಕೆಮ್ಮುತ್ತಿತ್ತು, ಡ್ಯಾಶ್‌ಬೋರ್ಡಿನ ಜೊತೆ ನನ್ನ ಹಲ್ಲೂ ನಡುಗುತ್ತಿತ್ತು.

"ಗೇರ್ ಇಳಿಸಿ ಮಾರಾಯರೇ" ಎಂದೆ.

"ಇಳಿಸಿದ್ರ ಮೈಲೇಜ್ ಹೊಕ್ಕೈತ್ರಿ ಅಕ್ಕಾರ."

ಬೀರುವಿನ ಆಟೋದವನು ಪಕ್ಕಕ್ಕೆ ಬಂದು ತಲೆ ಹೊರಹಾಕಿ, "ಕ್ಯಾ ಮಿಯಾಂ, ಧಕ್ಕಾ ಮಾರೂಂ ಕ್ಯಾ?" ಎಂದ. ತಳ್ಳಲೇನು ಎಂದು ಕೇಳಿ, ಉತ್ತರಕ್ಕೂ ಕಾಯದೆ ಮುಂದೆ ಹೋದ.

ಅಷ್ಟರಲ್ಲಿ ಕಾರು ನಿಂತೇಹೋಯಿತು. ಹಿಂದೆ ಹಾರ್ನುಗಳ ಸುರಿಮಳೆ. ಮಲ್ಲಿಕಾರ್ಜುನ ಮತ್ತೆ ಸ್ಟಾರ್ಟ್ ಮಾಡಿ ಅದೇ ಏರಿನಲ್ಲಿ ನೇರವಾಗಿ ಎರಡನೇ ಗೇರ್ ಹಾಕಿದರು. ಮೊದಲನೆಯದು ಪೆಟ್ರೋಲ್ ಕುಡಿಯುತ್ತದಂತೆ! ಕಾರು ಮತ್ತೆ ನಿಂತಿತು.

"ಗಾಡಿದಽ ತಪ್ಪರಿ. ಕಂಪನಿಯವ್ರು ಇದಕ್ಕ ಪಿಕಪ್ಪಽ ಕೊಟ್ಟಿಲ್ಲ" ಎಂದರು.

ಹೀಗೆ ನಿಂತು ಹೊರಟು, ನಿಂತು ಹೊರಟು ಆಫೀಸು ಮುಟ್ಟುವಷ್ಟರಲ್ಲಿ ನಾನೇ ನಡೆಸಬೇಕಿದ್ದ ಕ್ಲೈಂಟ್ ಮೀಟಿಂಗ್ ನಾನಿಲ್ಲದೆ ಮುಗಿದಿತ್ತು. ಇಳಿಯುವಾಗ ಮಹಾನುಭಾವರು ಕೇಳುತ್ತಾರೆ: "ನಾಳೆ ಎಷ್ಟಕ್ಕ ಪಿಕಪ್ ಮಾಡ್ಲಿರಿ?"

"ಗಾಡಿಗೇ ಇಲ್ಲದ ಪಿಕಪ್ ನನಗೆಲ್ಲಿಂದ ಕೊಡ್ತೀರಿ, ಬಿಡಿ" ಎಂದೆ.

ನಾಳೆಯಿಂದ ಆಟೋ. ಬೇಕಾದರೆ ಬೀರುವಿನೊಳಗೇ ಕೂತು ಹೋಗುತ್ತೇನೆ.