ಸೊಸೆಗೆ ಓದಿ ಹೇಳಿದ ಧಾರಾವಾಹಿ

ಗೆಳತಿಯರೇ, ಇಂದು ಮಧ್ಯಾಹ್ನ ವಾರಪತ್ರಿಕೆ ಓದುವಾಗ ನಾನು ಸಿಕ್ಕಿಬಿದ್ದೆ. ಸೊಸೆ ಸುಮಾ ಸೊಲ್ಲಾಪುರದಲ್ಲಿ ಮರಾಠಿ ಶಾಲೆ ಕಲಿತವಳು, ಕನ್ನಡ ಓದಲು ಬಾರದು. ಧಾರಾವಾಹಿಯನ್ನು ನಾನೇ ಓದಿ ಹೇಳುತ್ತೇನೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ಆಸೆ ಅವಳಿಗೆ. ನಾವಿರುವ ನಾಗಪುರದಲ್ಲಿ ಡಾಕ್ಟರರಿಲ್ಲವೇ ಎಂದು ನಾನು ಒಪ್ಪಿರಲಿಲ್ಲ.

ಇಂದಿನ ಕಂತಿನಲ್ಲಿ ಅತ್ತೆ ಕರಗಿ ಬಸುರಿ ಸೊಸೆಯನ್ನು ತವರಿಗೆ ಕಳಿಸುತ್ತಾಳೆ. ನಾನು ಮಾತ್ರ, ಸೊಸೆ ತಾನೇ ಮನಸ್ಸು ಬದಲಿಸಿ ಉಳಿದಳೆಂದು ಓದಿದೆ. ಪತ್ರಿಕೆ ನಮ್ಮಲ್ಲಿಗೆ ಬರುವುದು ಪಕ್ಕದ ಮನೆಯ ಶಾಂತಾ ಓದಿದ ಮೇಲೆ ಎಂಬುದು ಮರೆತಿತ್ತು. ಅವಳು ಅಲ್ಲೇ ಅಕ್ಕಿ ಆರಿಸುತ್ತಿದ್ದಳು.

“ಕಾಕೂ, ಅತ್ತೀನ ಹೋಗಿ ರೈಲು ಹತ್ತಿಸಿ ಬರ್ತಾಳಲ್ರೀ! ಓದಿ ನಾ ಕಣ್ಣೀರ ಹಾಕೇನಿ,” ಎಂದಳು ಶಾಂತಾ.

“ಚಸ್ಮಾ ಮಸುಕಾಗೇತಿ,” ಎಂದೆ.

ಸುಮಾ ಅದನ್ನು ಸೆರಗಿನಿಂದ ಒರೆಸಿ ಕೊಟ್ಟಳು. “ಈಗ ಬರೋಬರ್ ಓದ್ರಿ, ಅತ್ತಿ.”

ಓದಿದೆ. “ಪಾಪ, ಆ ಹುಡುಗಿಗೆ ಚಲೋ ಆತು,” ಎಂದು ಸುಮಾ ಕಣ್ಣೊರೆಸಿಕೊಂಡಳು. ತನ್ನ ತವರಿನ ಮಾತು ಎತ್ತಲಿಲ್ಲ.

ಸಂಜೆ ಬೀಗರಿಗೆ ಟ್ರಂಕ್ ಕಾಲ್ ಮಾಡಿಸಿದೆ. ಕಥೆಯ ಅತ್ತೆ ಸ್ಟೇಷನ್ನಿನಿಂದಲೇ ಮರಳಿದಳು. ನಾನು ತವರಿನ ಬಾಗಿಲವರೆಗೂ ಹೋಗಿ ಬಿಟ್ಟು ಬರುತ್ತೇನೆ. ಕಾಗದದ ಮೇಲಿನ ಹೆಂಗಸಿಗಿಂತ ಕಡಿಮೆ ಎನಿಸಿಕೊಳ್ಳುವುದು ನನ್ನಿಂದಾಗದು.