ಕೇಳದೆ ಸ್ವಿಚ್ ಹಾಕದವನು

ಲಿಫ್ಟಣ್ಣನ ಮೂವತ್ತೊಂದು ವರ್ಷದ ರಿಪೇರಿ ಕೆಲಸದಲ್ಲಿ ಜೊತೆಗಾರರ ಒಂದು ಬೆರಳಿಗೂ ಏಟಾಗಿಲ್ಲ. ಗುಟ್ಟು ಇಷ್ಟೇ. ಸ್ವಿಚ್ ಹಾಕುವ ಮೊದಲು ಅವನು ಲಿಫ್ಟಿನ ಗುಂಡಿಯೊಳಗೆ ಬಗ್ಗಿ "ಹಾಕ್ಲಾ?" ಎಂದು ಕೂಗುತ್ತಾನೆ. ಕೆಳಗಿದ್ದವನು "ಹಾಕು" ಅನ್ನುವವರೆಗೆ, ಕಟ್ಟಡದ ಮಾಲೀಕರು ಎಷ್ಟೇ ಕುಣಿದಾಡಲಿ, ಅವನ ಕೈ ಮೇಲೇಳುವುದಿಲ್ಲ.

ಇಂಥ ಕೂಗುಮಾರಿ ಮನುಷ್ಯ ಮನೆಯಲ್ಲಿ ಮಾತ್ರ ಒಂದೂವರೆ ವರ್ಷದಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದ. ಐವತ್ತಾರು ದಾಟಿದ ಮೇಲೆ ಹಾಸಿಗೆಯಲ್ಲಿ ಅವನ ಮೈ ಕೈಕೊಡತೊಡಗಿತ್ತು. ಎರಡು ಸಲ ಸೋತ. ಮೂರನೆಯ ಸಲದ ಧೈರ್ಯ ಸಾಲದೆ, ಬೆನ್ನುನೋವಿನ ನೆಪ ಹೇಳಿ, ದಿಂಬು ಹಿಡಿದು ಹಾಲ್‌ಗೆ ಬಂದುಬಿಟ್ಟ. ಹೆಂಡತಿ ಏನೂ ಕೇಳಲಿಲ್ಲ. ಅವಳು ಕೇಳದೇ ಇದ್ದದ್ದು ಅವನನ್ನು ಇನ್ನಷ್ಟು ಕುಗ್ಗಿಸಿತು.

ಇದನ್ನು ಹೇಗೋ ವಾಸನೆ ಹಿಡಿದ ಜೊತೆಗಾರ ಗ್ರೀಸಪ್ಪ ಒಂದು ದಿನ ಅವನ ಜೇಬಿಗೆ ಮಾತ್ರೆಯ ಪೊಟ್ಟಣ ತುರುಕಿದ. "ಅರ್ಧ ಗಂಟೇಲಿ ಕೆಲಸ ಮಾಡತ್ತೆ, ಗುರುವೇ. ಯಾರಿಗೂ ಹೇಳ್ಬೇಡ."

ಭಾನುವಾರ ಮಧ್ಯಾಹ್ನ ಬಚ್ಚಲುಮನೆಯ ಚಿಲಕ ಹಾಕಿಕೊಂಡು ಲಿಫ್ಟಣ್ಣ ಮಾತ್ರೆಯನ್ನು ಅಂಗೈಗೆ ಸುರಿದುಕೊಂಡ. ಆದರೆ ಪುಸ್ತಕ ಓದದೆ ಯಾವ ಮೆಷಿನ್ನನ್ನೂ ಮುಟ್ಟಿದವನಲ್ಲ. ಕನ್ನಡಕ ಏರಿಸಿ ಪೊಟ್ಟಣದೊಳಗಿದ್ದ ಚೀಟಿ ಬಿಡಿಸಿದ. ನೈಟ್ರೇಟ್ ಇರುವ ಎದೆನೋವಿನ ಮಾತ್ರೆಯ ಜೊತೆ ಇದನ್ನು ನುಂಗಲೇಬಾರದು, ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯ ಎಂದಿತ್ತು.

ಆ ಸಾಲನ್ನು ಅವನು ಇನ್ನೊಮ್ಮೆ ಓದಿದ. ಹೋದ ವರ್ಷ ಎದೆನೋವೆಂದು ಆಸ್ಪತ್ರೆಗೆ ಹೋದಾಗ ನಾಲಿಗೆಯ ಕೆಳಗಿಡಲು ಕೊಟ್ಟಿದ್ದು ಅದೇ ನೈಟ್ರೇಟ್ ಮಾತ್ರೆ. ಅದು ಹೆಂಡತಿಯ ಪರ್ಸಿನಲ್ಲಿತ್ತು. ಅವನು ಎದೆ ಮುಟ್ಟಿಕೊಂಡರೆ ಸಾಕು, ಅವಳು ಒಂದು ಮಾತೂ ಕೇಳದೆ ಅದನ್ನು ಬಾಯಿಗಿಡುತ್ತಿದ್ದಳು. ಇವತ್ತು ಇದನ್ನು ಗುಟ್ಟಾಗಿ ನುಂಗಿದ್ದರೆ, ಗಂಡ ಗುಂಡಿಯಲ್ಲಿರುವುದು ತಿಳಿಯದೆ ಅವಳೇ ಸ್ವಿಚ್ ಹಾಕಿಬಿಡುತ್ತಿದ್ದಳು, ಅದೂ ಪ್ರೀತಿಯಿಂದ!

ಚಿಲಕ ತೆಗೆದು ಹೊರಬಂದ. ಅವಳು ಮಂಚದ ಮೇಲೆ ಬಟ್ಟೆ ಮಡಚುತ್ತಿದ್ದಳು. ಮಡಚಿದ ಟವೆಲಿನ ಮೇಲೆ ಮಾತ್ರೆ ಇಟ್ಟು, ತಡವರಿಸುತ್ತ ಎಲ್ಲ ಹೇಳಿದ. ಅವಳು ಪಿಳಿಪಿಳಿ ನೋಡಿದಳು. ಆಮೇಲೆ ಬಟ್ಟೆಯ ರಾಶಿಯ ಮೇಲೆ ಬಿದ್ದು ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು.

"ಇಷ್ಟೇನಾ ರೀ? ನಾನೇ ನಿಮಗೆ ಸಾಕಾದೆ ಅಂದ್ಕೊಂಡಿದ್ದೆ. ತಲೆಗೆ ಬಣ್ಣ ಹಚ್ಕೊಂಡ್ರೂ ನೀವು ತಿರುಗಿ ನೋಡ್ಲಿಲ್ಲ."

"ನೋಡಿದ್ದೆ ಕಣೇ. ನೋಡಿದ್ದಕ್ಕೇ ಹಾಲ್‌ಗೆ ಓಡಿದ್ದು."

ಮರುದಿನ ಇಬ್ಬರೂ ಡಾಕ್ಟರಮ್ಮನ ಮುಂದೆ ಕೂತರು. ಗ್ರೀಸಪ್ಪನ ಪೊಟ್ಟಣ ಸೀದಾ ಕಸದ ಬುಟ್ಟಿಗೆ ಹೋಯಿತು. "ಎಲ್ಲಿ ಮಾಡಿದ್ದೋ ಏನೋ! ಮೊದಲು ಹೃದಯ ತೋರಿಸ್ಕೊಂಡು ಬನ್ನಿ" ಎಂದರು. ಹೃದಯದ ಡಾಕ್ಟರು ಅವನನ್ನು ಓಡುವ ಬೆಲ್ಟಿನ ಮೇಲೆ ನಡೆಸಿ, ಒಂದಿಷ್ಟು ಪರೀಕ್ಷೆ ಮಾಡಿ, ಆ ಎದೆನೋವು ಬರೀ ಹೊಟ್ಟೆಯ ಹುಳಿಯ ಉರಿ, ನಾಲಿಗೆ ಕೆಳಗಿನ ಮಾತ್ರೆ ಇನ್ನು ಬೇಡ ಎಂದು ಬರೆದುಕೊಟ್ಟರು. ಆಮೇಲಷ್ಟೇ ಡಾಕ್ಟರಮ್ಮ ಚೀಟಿ ಬರೆದರು.

"ದಿನಕ್ಕೆ ಒಂದೇ. ಅರ್ಧ ಗಂಟೆ ಮೊದಲು. ಕುಡಿದು ನುಂಗ್ಬೇಡಿ. ಎದೆ ನೋವು ಬಂದ್ರೆ ನಾಲಿಗೆ ಕೆಳಗೆ ಏನೂ ಇಡದೆ ಆಸ್ಪತ್ರೆಗೆ ಬನ್ನಿ, ಇದನ್ನ ಯಾವಾಗ ನುಂಗಿದ್ದು ಅಂತ ಮೊದಲು ಹೇಳಿ. ಮತ್ತೆ, ಮಾತ್ರೆ ತಾನಾಗೇ ಏನೂ ಮಾಡಲ್ಲ. ಪ್ರೀತಿ ನೀವೇ ಮಾಡ್ಬೇಕು."

ಹೆಂಡತಿ ಎದೆನೋವಿನ ಮಾತನ್ನು ಎರಡು ಸಲ ಹೇಳಿಸಿಕೊಂಡಳು. ಪರ್ಸಿನಲ್ಲಿದ್ದ ಹಳೇ ಮಾತ್ರೆಗಳನ್ನು ಅಲ್ಲೇ ಮೇಜಿನ ಮೇಲೆ ಒಪ್ಪಿಸಿದಳು.

ಮುಂದಿನ ಭಾನುವಾರ ಮಧ್ಯಾಹ್ನ ಲಿಫ್ಟಣ್ಣ ಅಡುಗೆಮನೆಯಲ್ಲಿ ನೀರಿನ ಲೋಟ, ಮಾತ್ರೆ ಹಿಡಿದು ನಿಂತ. ಮೂವತ್ತೊಂದು ವರ್ಷದ ಅಭ್ಯಾಸ ಬಿಡುತ್ತದೆಯೇ? ಕೋಣೆಯ ಕಡೆ ಬಗ್ಗಿ ಕೂಗಿದ. "ಹಾಕ್ಕೊಳ್ಲಾ?"

"ಹಾಕ್ಕೊಳ್ರೀ! ಗಂಟೆ ಎರಡೂ ಹತ್ತು, ನೋಡ್ಕೊಂಡಿದ್ದೀನಿ" ಎಂದು ಒಳಗಿನಿಂದ ಉತ್ತರ ಬಂತು. "ಬರುವಾಗ ಹಾಲ್‌ನಲ್ಲಿರೋ ದಿಂಬೂ ತಗೊಂಡ್ ಬನ್ನಿ."