ಜೀಪು ಹೇಳಿದ್ದನ್ನು ಕೇಳಿದವರು

"ಹತ್ತನೇ ಕ್ಲಾಸು ಯಾರೂ ದಾಟದ ಮನೆಯಲ್ಲಿ ಇಂಜಿನಿಯರಾ? ಆಗುವ ಮಾತಾ ಅದು?" ಎಂದು ನಾನು ಇಂಜಿನಿಯರಿಂಗ್ ಸೇರಿದಾಗ ನಕ್ಕವರು ಎರ್ಮಾಳಿನ ನನ್ನ ಸೋದರಮಾವ. ಅವರು ಎತ್ತರ ಮಾಡಿಸಿದ ಜೀಪು ರಸ್ತೆಯಲ್ಲಿ ಅತ್ತಿತ್ತ ಎಳೆಯುತ್ತಿತ್ತು. ಅದನ್ನು ಸರಿಪಡಿಸುವುದನ್ನೇ ಕೊನೆಯ ವರ್ಷದ ಪ್ರಾಜೆಕ್ಟ್ ಮಾಡಿಕೊಂಡು ಕುಕ್ಕುಂದೂರಿನ ಮೆಕ್ಯಾನಿಕ್ ಬಳಿ ಹೋದೆ.

ಅವರು ಯಾವ ಗಾಡಿಯನ್ನೂ ಬಿಚ್ಚುವ ಮೊದಲು ಬಾನೆಟ್ಟನ್ನು ಎರಡು ಬೆರಳಿನಿಂದ ತಟ್ಟಿ, "ಅದು ಎಂತ ಹೇಳ್ತದೆ ಕೇಳುವ" ಎನ್ನುತ್ತಿದ್ದರು. ಎತ್ತರಿಸಿದ್ದರಿಂದ, ಚಕ್ರಗಳನ್ನು ನೇರಕ್ಕೆ ಹಿಡಿದಿಡುವ ಮುಂದಿನ ಆಕ್ಸಲಿನ ಓರೆ ತಪ್ಪಿತ್ತು. ಸ್ಪ್ರಿಂಗಿನಡಿ ಕಬ್ಬಿಣದ ಬೆಣೆ ಕೊಡಬೇಕಿತ್ತು. ನಾನು ಕೂರಿಸಿದೆ. ಅವರು ಬಗ್ಗಿ ನೋಡಿ, ಓಡಿಸಿ ನೋಡು ಎಂದು ಮೈದಾನದ ಕಡೆ ಕೈ ತೋರಿಸಿದರು. ಮೈದಾನದಲ್ಲಿ ಓಡಿಸಿದರೆ ಜೀಪು ಇನ್ನಷ್ಟು ಎಳೆಯಿತು.

"ಎಂತ ಹೇಳಿತು?" ಮೆಕ್ಯಾನಿಕ್ ಕೇಳಿದರು.

"ಬೆಣೆಯ ದಪ್ಪ ತುದಿ ಹಿಂದುಮುಂದಾಗಿದೆ. ನಿಮಗೆ ಆಗಲೇ ಗೊತ್ತಿತ್ತಲ್ವಾ?"

"ನನಗೆ ಗೊತ್ತಿದ್ದು ಎಂತ ಪ್ರಯೋಜನ ಮಾರಾಯ್ತಿ? ಪರೀಕ್ಷೆ ನಿನಗಲ್ವಾ?"

ತಿರುಗಿಸಿ ಕೂರಿಸಿದೆ. ತಿರುವು ಕಳೆದು ಕೈ ಸಡಿಲಿಸಿದಾಗ ಸ್ಟೇರಿಂಗ್ ತಾನಾಗಿ ನೇರಕ್ಕೆ ಬಂತು.

ಮಣಿಪಾಲದಲ್ಲಿ ಡಿಗ್ರಿ ಸಿಕ್ಕ ದಿನ ಮಾವನೇ ಅದೇ ಜೀಪಿನಲ್ಲಿ ಗ್ಯಾರೇಜಿಗೆ ಕರೆತಂದರು. ಸರ್ಟಿಫಿಕೇಟನ್ನು ಮೆಕ್ಯಾನಿಕ್ ಕೈಗೆ ಕೊಟ್ಟೆ. ಅವರು ಅದನ್ನು ಎರಡು ಬೆರಳಿನಿಂದ ಮೆಲ್ಲಗೆ ತಟ್ಟಿದರು.

ತಾನಿರುವಾಗ ಯಾರಿಗೂ ಸ್ಟೇರಿಂಗ್ ಕೊಡದ ಮಾವ ನನಗೆ ಕೀ ನೀಡಿದರು. "ಎರ್ಮಾಳಿಗೆ ಗಾಡಿ ನೀನೇ ಬಿಡು ಮಗಾ. ನಾನು ಬದಿಯಲ್ಲಿ ಕೂತ್ಕೊಳ್ತೇನೆ."